ಗುಂಗು ತೆಗೆದ ಸಂಜೆ

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹುಡುಕಿಕೊಂಡು ಹೋಗಿ ಕೇಳುವವರಿರುತ್ತಾರೆ. ಅಷ್ಟು ಉಪಕಾರವನ್ನೂ ಅವನಿಗೆ ಮಾಡುವ ಮನಸ್ಸು ನನಗಿಲ್ಲ. ನಮ್ಮಿಬ್ಬರ ಸಂಗೀತದ ಜೋಡಿಗೆ ಒಂದು ಹೆಸರಿತ್ತು, ಅದೂ ಬೇಡ. ಏನು ನಡೆಯಿತು ಅನ್ನುವುದನ್ನಷ್ಟೇ ಹೇಳುತ್ತೇನೆ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಮುಂದಿನ ಅಂಕಣದಲ್ಲಿ ಪವರ್‌ಲೂಮ್, ಹಿಂದೆ ಅಡುಗೆಮನೆ, ನಡುವೆ ನಾವು. ಬೆಳಗಾದರೆ ಶುರುವಾಗುವ ಟಕಟಕ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಮನೆಯವರ ಗಂಟಲೆಲ್ಲ ದೊಡ್ಡದು. ನೆಂಟರ ಮನೆಗೆ ಹೋದರೆ, "ಯಾಕಮ್ಮಾ ಜಗಳ ಆಡ್ತೀಯ?" ಅನ್ನುತ್ತಿದ್ದರು. ನಾನು ಕಿವಿ ಕೊಟ್ಟು ಕೇಳುತ್ತಿದ್ದದ್ದು ಮಗ್ಗದ ಸದ್ದನ್ನಲ್ಲ. ಕರೆಂಟ್ ಹೋದಾಗ ಮಗ್ಗ ಒಮ್ಮೆಲೇ ನಿಲ್ಲುತ್ತದಲ್ಲ, ಆಗ ಒಂದು ಗಳಿಗೆ ಗೋಡೆಗಳೇ ಆ ಸದ್ದನ್ನು ಹಿಡಿದುಕೊಂಡಿರುತ್ತವೆ. ಆಮೇಲೆ ನಿಧಾನಕ್ಕೆ ಬಿಡುತ್ತವೆ. ನಾನು ಅದಕ್ಕೆ ಗುಂಗು ಅನ್ನುತ್ತಿದ್ದೆ. ಸೌಂಡ್ ಕೆಲಸದ ಜನ ಅದನ್ನು ರಿವರ್ಬ್ ಅನ್ನುತ್ತಾರೆಂದು ಗೊತ್ತಾದದ್ದು ಬಹಳ ತಡವಾಗಿ.

ಅವನು ದೇವನಹಳ್ಳಿ ಕಡೆಯ ಒಕ್ಕಲಿನ ಮನೆಯವನು. ಕಾಲೇಜಿನಲ್ಲಿ ನನ್ನ ಜೊತೆಗಿದ್ದ. ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಕೈ ಚೆನ್ನಾಗಿತ್ತು, ಅದರಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಒಂದು ದಿನ ನೋಟ್ಸ್ ಇಸಿದುಕೊಳ್ಳಲು ನಮ್ಮ ಮನೆಗೆ ಬಂದವನು ಮಗ್ಗದ ಮುಂದೆ ನಿಂತುಬಿಟ್ಟ.

"ಗುರು, ಇದು ರೆಡಿಮೇಡ್ ಬೀಟು ಕಣೆ," ಅಂದ. ಹುಡುಗಿಯಾದರೂ ನನ್ನನ್ನು ಗುರು ಅಂತಲೇ ಕರೆಯುತ್ತಿದ್ದ.

ಹಾಗೆ ಶುರುವಾದದ್ದು ನಮ್ಮ ಜೋಡಿ. ಮೊಬೈಲಿನಲ್ಲಿ ಮಗ್ಗವನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಕತ್ತರಿಸಿ, ಅದರ ಮೇಲೆ ಅವನು ಕೀಬೋರ್ಡ್ ನುಡಿಸಿದ. ಕಾಲೇಜ್ ಡೇ ದಿನ ಹುಡುಗರೆಲ್ಲ ಅದಕ್ಕೆ ಕುಣಿದರು. ಗಣಪತಿ ಕೂರಿಸುವವರೂ ಬಂದು ಕೇಳಿದರು. ಅವನಿಗೆ ಅಷ್ಟೇ ಸಾಕಿತ್ತು. ನನಗೆ ಸಾಲಲಿಲ್ಲ.

ಒಂದು ಮಧ್ಯಾಹ್ನ ರೆಕಾರ್ಡ್ ಮಾಡುತ್ತಿರುವಾಗಲೇ ಕರೆಂಟ್ ಹೋಯಿತು. ಅವನ ಕೀಬೋರ್ಡು ಬ್ಯಾಟರಿಯದು. ಅದೊಂದು ನಡೆಯುತ್ತಿತ್ತು. ಮಗ್ಗ ನಿಂತ ಕ್ಷಣಕ್ಕೆ ಸರಿಯಾಗಿ ಅವನ ಬೆರಳು ಒಂದು ಸ್ವರದ ಮೇಲಿತ್ತು. ತೆಗೆಯಬೇಡ ಅಂತ ಕೈ ಮಾಡಿದೆ. ಮಗ್ಗದ ಗುಂಗು ಗೋಡೆಯಿಂದ ಇಳಿದು ಬಂದು ಆ ಸ್ವರದೊಳಗೆ ಸೇರಿಕೊಂಡಿತು. ಬಾಬಿನ್ನಿಗೆ ನೂಲು ಸುತ್ತುತ್ತಿದ್ದ ಅಮ್ಮ ಕೂಡ ತಲೆ ಎತ್ತಿ ನೋಡಿದಳು. ಆಮೇಲೆ ನಾವು ಬೀಟನ್ನು ಒಂದೊಂದಾಗಿ ಕಿತ್ತು ಹಾಕಿದೆವು. ಹಾಡುಗಳು ಉದ್ದವಾದವು, ನಿಧಾನವಾದವು, ಕೊನೆಗೆ ಹಾಡುಗಳೇ ಅಲ್ಲದಂತಾದವು. ಮುಂಜಾನೆ ಕೆರೆಯ ಮೇಲೆ ಮಂಜು ಕೂತಂತೆ ಒಂದು ಸದ್ದು ಕೂತಿರುತ್ತಿತ್ತು, ಅಷ್ಟೆ. ಗಣಪತಿಯವರು ಬರುವುದು ನಿಂತಿತು. ನಮ್ಮಪ್ಪ ಒಂದು ಹಾಡನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಯಾವಾಗಮ್ಮಾ ಶುರುವಾಗೋದು?" ಅಂದರು.

ಆ ಮಂಜು ಎಲ್ಲಿಂದ ಬರುತ್ತಿತ್ತು ಅನ್ನುವುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಖಾಲಿ ಜಾಗದಲ್ಲಿ ನಿಂತು ಬಲೂನ್ ಒಡೆದರೆ ಆ ಜಾಗ ತನ್ನದೇ ದನಿಯಲ್ಲಿ ಉತ್ತರ ಕೊಡುತ್ತದೆ. ಅದನ್ನು ರೆಕಾರ್ಡ್ ಮಾಡಿಕೊಂಡು ಕಂಪ್ಯೂಟರಿಗೆ ಕೊಟ್ಟರೆ, ಯಾವ ಸ್ವರವನ್ನು ಬೇಕಾದರೂ ಆ ಜಾಗದೊಳಗೆ ನುಡಿಸಿದಂತೆ ಮಾಡಬಹುದು. ಇದನ್ನು ಕಲಿತ ಮೇಲೆ ನಾನು ಸ್ಕೂಟಿ ಹತ್ತಿ ಜಾಗಗಳನ್ನು ಹುಡುಕಿಕೊಂಡು ತಿರುಗಿದೆ. ಬೂದಿಗೆರೆ ಹತ್ತಿರ ನೀರಿಲ್ಲದ ಕೆರೆಯ ತೂಬಿನೊಳಗೆ ತೆವಳಿಕೊಂಡು ಹೋದೆ. ಅಲ್ಲಿಯ ಗುಂಗು ತಣ್ಣಗೆ, ಉದ್ದಕ್ಕೆ, ಯಾರೋ ನೆಲದಡಿಯಿಂದ ಹೂಂಗುಟ್ಟಿದ ಹಾಗೆ. ನಂದಗುಡಿಯಲ್ಲಿ ಆಲೂಗಡ್ಡೆ ತುಂಬುವುದು ನಿಂತುಹೋಗಿದ್ದ ಒಂದು ಕೋಲ್ಡ್ ಸ್ಟೋರೇಜ್ ಇತ್ತು, ಅದರ ತಗಡಿನ ಗೋಡೆಗಳದು ಮಿರಮಿರ ಮಿನುಗುವ ಗುಂಗು. ಅರಿಶಿನಕುಂಟೆಯಲ್ಲಿ ಹೆದ್ದಾರಿಯ ಕೆಳಗಿನ ಮೋರಿ, ಮೇಲೆ ಲಾರಿ ಹೋದರೆ ಗುಂಗಿನೊಳಗೂ ಒಂದು ನಡುಕ. ಎಲ್ಲಕ್ಕಿಂತ ಚಿಕ್ಕದು, ಬೆಚ್ಚಗಿನದು, ನಮ್ಮ ಮಗ್ಗದ ಅಂಕಣದ್ದು.

ಮೈಕಿಗೆ ಗಾಳಿ ತಾಗಬಾರದೆಂದು ಅಮ್ಮ ರೇಷ್ಮೆಯ ವೇಸ್ಟಿನಿಂದ ಒಂದು ಟೋಪಿ ಹೊಲಿದುಕೊಟ್ಟಿದ್ದಳು. ಹಳದಿ ರೇಷ್ಮೆ, ಅಂಚಿಗೆ ಕೆಂಪು ದಾರ. ಜನ ಅದನ್ನು ನೋಡಿ ನಗುತ್ತಿದ್ದರು. ಆದರೆ ಅಂಗಡಿಯ ಸ್ಪಂಜಿಗಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಇಂಥ ಕಡೆಗೆಲ್ಲ ಅವನು ಬಂದದ್ದು ಬಹಳ ಕಡಿಮೆ. ಬಂದರೂ ಹೊರಗೆ ಬೈಕಿನ ಮೇಲೆ ಕೂತಿರುತ್ತಿದ್ದ. "ಹಾವಿರುತ್ತೆ, ನಾನ್ ಬರಲ್ಲ ಗುರು," ಅನ್ನುತ್ತಿದ್ದ. ಆಗ ನನಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಅವನ ಕೈ ಅವನದು, ನನ್ನ ಕಿವಿ ನನ್ನದು ಅಂದುಕೊಂಡಿದ್ದೆ.

ಹಾಡುಗಳನ್ನು ಇಂಟರ್‌ನೆಟ್ಟಿಗೆ ಹಾಕಿದೆವು. ಕೇಳುವವರು ಸಿಕ್ಕರು, ಬೆಂಗಳೂರಿನ ಸಣ್ಣ ಸಣ್ಣ ಹಾಲ್‌ಗಳಲ್ಲಿ ಕಾರ್ಯಕ್ರಮಗಳು ಸಿಕ್ಕವು. ಅವನು ವೇದಿಕೆಯ ಬೆಳಕಿನಲ್ಲಿ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪಿನ ಹಿಂದೆ. ಹಾಗೇ ಒಂದು ದಿನ ಯಾವುದೋ ಮ್ಯೂಸಿಕ್ ಕಂಪನಿಯವರು ಅವನಿಗೆ ಫೋನ್ ಮಾಡಿದರು. ಅವನು ನನ್ನನ್ನು ದೇವನಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಕರೆದ. ಕಾಫಿ ಬಂದ ಮೇಲೆ ವಿಷಯ ತೆಗೆದ.

"ಅವರಿಗೆ ಒಬ್ಬನೇ ಆರ್ಟಿಸ್ಟ್ ಸಾಕಂತೆ," ಅಂದ. "ಒಂದು ಮುಖ ಇದ್ರೆ ಮಾರ್ಕೆಟ್ ಮಾಡೋಕೆ ಸುಲಭ ಅಂತೆ."

"ಮತ್ತೆ ನಾನು?"

"ನೀನೆಲ್ಲಿಗೆ ಹೋಗ್ತೀಯ, ಇರ್ತೀಯಲ್ಲ. ನಾನು ಒಂದ್ಸಲ ಒಳಗೆ ಹೋಗ್ಬಿಟ್ರೆ ನಿನ್ನೂ ಕರ್ಕೊಂಡುಬಿಡ್ತೀನಿ."

ನಾನು ಜಗಳವಾಡಲಿಲ್ಲ. ನಮ್ಮಿಬ್ಬರ ಸದ್ದುಗಳೆಲ್ಲ ಅವನ ಬಳಿಯೂ ಇದ್ದವು, ವಾಪಸ್ ಕೇಳಲೂ ಇಲ್ಲ. ಮೈಕ್ ಕೂಡ ಅವನ ಹತ್ತಿರವೇ ಉಳಿದಿತ್ತು. ಆಮೇಲೆ ಅವನು ಫೋನ್ ಎತ್ತುವುದು ಕಡಿಮೆಯಾಯಿತು. ಆಮೇಲೆ ನಿಂತಿತು.

ಅವನ ಮೊದಲ ಆಲ್ಬಮ್ ಬಂದಾಗ ನಾನು ಒಂದು ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಆಲ್ಬಮ್ಮಿನಲ್ಲಿ ನನ್ನ ತೂಬು ಇತ್ತು, ನನ್ನ ಮೋರಿ ಇತ್ತು, ನಮ್ಮ ಮನೆಯ ಗೋಡೆಗಳಿದ್ದವು. ಎಲ್ಲೂ ನನ್ನ ಹೆಸರಿರಲಿಲ್ಲ. ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಅದರ ಪ್ರಚಾರಕ್ಕೆಂದು ಒಂದು ವಿಡಿಯೊ ಬಂತು. ಒಂದು ಭಾನುವಾರ ಅಮ್ಮನ ಜೊತೆ ಕೂತು ಅದನ್ನು ನೋಡಿದೆ.

ಅವನು ಬೂದಿಗೆರೆಯ ತೂಬಿನ ಮುಂದೆ ನಿಂತಿದ್ದ. ಇಸ್ತ್ರಿ ಮಾಡಿದ ಖಾದಿ ಕುರ್ತಾ. ಕೈಯಲ್ಲಿ ಬಲೂನು. ಈ ಊರುಗಳನ್ನೆಲ್ಲ ತಾನು ಒಂಟಿಯಾಗಿ ನಡೆದು, ಮೌನದ ಜೊತೆ ಮಾತಾಡಿ, ಈ ದನಿಗಳನ್ನು ಕಂಡುಕೊಂಡೆ ಅಂತ ಹೇಳಿದ. ಎದುರಿಗೆ ಕೂತು ಸಂದರ್ಶನ ಮಾಡುತ್ತಿದ್ದವಳು, ಮೊದಲು ನೀವು ಇಬ್ಬರಿದ್ದಿರಲ್ಲವೇ ಅಂತ ಕೇಳಿದಳು. ಅವನು ನಕ್ಕ.

"ಹೌದು, ಆಗ ಜೊತೆಗೆ ಒಬ್ಬಳು ಹುಡುಗಿ ಇದ್ಳು. ಬಲೂನ್ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಕೇಳಿದವಳೂ ನಕ್ಕಳು.

ಅಮ್ಮ ನಗಲಿಲ್ಲ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅದು ನಾನು ಹೊಲಿದದ್ದಲ್ವೇನೆ?" ಅಂದಳು. ಅವನ ಮೈಕಿನ ಮೇಲೆ ಹಳದಿ ರೇಷ್ಮೆಯ ಟೋಪಿ ಇತ್ತು. ಕೆಂಪು ದಾರ ಕೂಡ ಹಾಗೇ ಇತ್ತು. ಅಮ್ಮ ಎದ್ದು ಹೋಗಿ ಬಾಬಿನ್ ಮುಂದೆ ಕೂತಳು.

ಆವತ್ತು ನನ್ನೊಳಗೆ ಏನೋ ಒಂದು ಕೂತುಕೊಂಡಿತು. ಅದು ಸಿಟ್ಟಲ್ಲ, ಸಿಟ್ಟಾಗಿದ್ದರೆ ಕೂಗಾಡಿ ಮುಗಿಯುತ್ತಿತ್ತು. ಇದು ಊಟ ಮಾಡುವಾಗಲೂ ಜೊತೆಗೆ ಕೂರುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿರುತ್ತಿತ್ತು. ಅವನ ಬೆರಳು ಬಾಗಿಲ ಸಂದಿಗೆ ಸಿಕ್ಕಿಕೊಳ್ಳಲಿ ಅಂತ ಎಷ್ಟೋ ಸಲ ಅಂದುಕೊಂಡೆ. ಗೆಳತಿಯೊಬ್ಬಳು, "ಬಿಟ್ಟುಬಿಡೆ, ದೇವರು ನೋಡ್ಕೋತಾನೆ," ಅಂದಳು. ದೇವರಿಗೆ ಬೇರೆ ಕೆಲಸ ಇರುತ್ತೆ, ಇದನ್ನು ನಾನೇ ನೋಡ್ಕೋತೀನಿ ಅಂದೆ. ಅವಳು ತಮಾಷೆ ಅಂದುಕೊಂಡಳು.

ಎರಡು ಮಳೆಗಾಲ ಕಳೆದ ಮೇಲೆ ಅವಕಾಶ ತಾನಾಗಿ ನಮ್ಮ ಕಂಪನಿಯ ಬಾಗಿಲಿಗೆ ಬಂತು. ದೇವನಹಳ್ಳಿ ಆಚೆ ದ್ರಾಕ್ಷಿ ತೋಟದ ನಡುವಿನ ಒಂದು ರೆಸಾರ್ಟಿನಲ್ಲಿ ಸೂರ್ಯಾಸ್ತದ ಹೊತ್ತಿಗೆ ಕಾರ್ಯಕ್ರಮ, ಅವನೊಬ್ಬನದೇ. ಸೌಂಡ್ ನಮ್ಮದು. ಆ ಕೆಲಸಕ್ಕೆ ನನ್ನನ್ನೇ ಹಾಕಿ ಅಂತ ಯಜಮಾನರನ್ನು ಕೇಳಿಕೊಂಡೆ. ಏನು ಮಾಡಬೇಕು ಅನ್ನುವುದು ಇನ್ನೂ ಗೊತ್ತಿರಲಿಲ್ಲ. ಹತ್ತಿರ ಇರಬೇಕು ಅನ್ನುವುದಷ್ಟೇ ಗೊತ್ತಿತ್ತು.

ಮಧ್ಯಾಹ್ನ ಅವನು ಕಾರಿನಿಂದ ಇಳಿದವನು ಮಿಕ್ಸರ್ ಹಿಂದೆ ನಿಂತಿದ್ದ ನನ್ನನ್ನು ನೋಡಿ ಒಂದು ಕ್ಷಣ ತಡೆದ. ಆಮೇಲೆ ಹಲ್ಲು ಬಿಟ್ಟ. ನಾಚಿಕೆಯ ಒಂದು ಗೆರೆ ಕೂಡ ಆ ಮುಖದಲ್ಲಿ ಕಾಣಲಿಲ್ಲ.

"ಲೇ, ನೀನಾ. ಒಳ್ಳೇದಾಯ್ತು ಬಿಡು. ನನ್ನ ಹುಡುಗನಿಗೆ ಈ ರಿವರ್ಬ್ ಸರಿಯಾಗಿ ಬರಲ್ಲ. ನೀನೇ ಕೂತ್ಕೊಂಡುಬಿಡು."

"ನಾನಾ?"

"ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಗುರು," ಅಂದವನು ನನ್ನ ಭುಜ ತಟ್ಟಿ, ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದೆ ಇಟ್ಟು ಹೋದ. ಅವನ ಎಂಜಿನಿಯರ್ ಹುಡುಗ ಬದುಕಿದೆ ಅಂತ ಊಟಕ್ಕೆ ಹೊರಟ.

ಲ್ಯಾಪ್‌ಟಾಪ್ ತೆಗೆದೆ. ನಾನಿಟ್ಟ ಹೆಸರುಗಳನ್ನೂ ಅವನು ಬದಲಾಯಿಸಿರಲಿಲ್ಲ. ತೂಬು, ಕೋಲ್ಡ್ ಸ್ಟೋರೇಜ್, ಮೋರಿ, ಮನೆ. ಅವನ ಕೀಬೋರ್ಡಿನ ಸದ್ದು ಗುಂಗಿಲ್ಲದೆ ಬರಿದಾಗಿ ನನ್ನ ಮಿಕ್ಸರಿಗೆ ಬರುತ್ತಿತ್ತು. ಈ ಒಂದೊಂದು ಜಾಗಕ್ಕೂ ಒಂದೊಂದು ಗುಂಡಿ. ಗುಂಡಿ ಮೇಲೆ ತಳ್ಳಿದರೆ ಆ ಜಾಗ ತುಂಬಿಕೊಳ್ಳುತ್ತದೆ, ಕೆಳಗೆ ಎಳೆದರೆ ಹೊರಟುಹೋಗುತ್ತದೆ. ಕಾರ್ಯಕ್ರಮದ ಜಾಗವೋ ಬಯಲು, ಹುಲ್ಲುಹಾಸು, ಮೇಲೆ ಆಕಾಶ. ಬಯಲಿಗೆ ತನ್ನದೇ ಗುಂಗಿರುವುದಿಲ್ಲ. ನಾನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅದನ್ನು ನೋಡಿದ ಕೂಡಲೇ ಏನು ಮಾಡಬೇಕು ಅನ್ನುವುದು ತಿಳಿಯಿತು.

ಜನ ಬಂದರು. ಬೆಂಗಳೂರಿನಿಂದ ಕಾರುಗಳಲ್ಲಿ ಬಂದವರು, ದಿಂಬು ಹಾಸಿ ಹುಲ್ಲಿನ ಮೇಲೆ ಕೂತರು. ಅವನು ಮೈಕ್ ಹಿಡಿದು, ಈ ಮಣ್ಣಿನ ಮೌನವನ್ನು ನಿಮಗಾಗಿ ತಂದಿದ್ದೇನೆ ಅಂದ. ಮೊದಲ ಹಾಡಿಗೆ ನಾನು ಎಲ್ಲ ಗುಂಡಿಗಳನ್ನೂ ಮೇಲಕ್ಕೆ ತಳ್ಳಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಮಾಡಿರಲಿಲ್ಲ. ದ್ರಾಕ್ಷಿಯ ಸಾಲುಗಳ ಮೇಲೆ ಸದ್ದು ಹೊಗೆಯಂತೆ ನಿಂತಿತು. ಜನ ಕಣ್ಣು ಮುಚ್ಚಿದರು. ಅವನು ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದ. ಎಷ್ಟು ಎತ್ತರಕ್ಕೆ ಹತ್ತುತ್ತಾನೋ ಹತ್ತಲಿ ಅಂದುಕೊಂಡೆ.

ಎರಡನೆಯ ಹಾಡಿನ ನಡುವೆ ತೂಬನ್ನು ತೆಗೆದೆ. ಒಮ್ಮೆಲೇ ಅಲ್ಲ, ಕೆರೆಯಲ್ಲಿ ನೀರು ಇಳಿದಂತೆ. ಯಾರಿಗೂ ತಿಳಿಯಲಿಲ್ಲ, ಸದ್ದಿನ ಆಳ ಮಾತ್ರ ಹೊರಟುಹೋಯಿತು. ಅವನು ಕುತ್ತಿಗೆ ಓರೆ ಮಾಡಿ ತನ್ನ ಸ್ಪೀಕರಿಗೆ ಕಿವಿ ಕೊಟ್ಟ. ಕೋಲ್ಡ್ ಸ್ಟೋರೇಜನ್ನು ಇಳಿಸಿದೆ, ಮಿನುಗು ಆರಿತು. ಮುಂದಿನ ಸಾಲಿನಲ್ಲಿ ಒಬ್ಬಳು ಕಣ್ಣು ಬಿಟ್ಟು ಮೊಬೈಲ್ ತೆಗೆದಳು. ಅವನು ನನ್ನ ಕಡೆ ನೋಡಿ, ಮೇಲಕ್ಕೆ ತಳ್ಳು ಅಂತ ಅಂಗೈ ಮಾಡಿದ. ನಾನು ಕೂಡ ಅವನನ್ನೇ ನೋಡುತ್ತಾ ಮೋರಿಯನ್ನು ಕೆಳಗೆಳೆದೆ.

ಆಗ ಅವನಿಗೆ ಅರ್ಥವಾಯಿತು. ಆ ಮುಖವನ್ನು ನಾನು ಸಾಯುವ ತನಕ ಇಟ್ಟುಕೊಳ್ಳುತ್ತೇನೆ. ಎದ್ದು ಬರುವಂತಿಲ್ಲ, ಕೂಗುವಂತಿಲ್ಲ. ನುಡಿಸುತ್ತಲೇ ಇರಬೇಕು. ಬೆರಳುಗಳು ಅವಸರ ಮಾಡತೊಡಗಿದವು, ಖಾಲಿ ಜಾಗ ತುಂಬಲು ಸ್ವರದ ಮೇಲೆ ಸ್ವರ ಹಾಕಿದ. ಒಂದು ಸ್ವರ ಹುಟ್ಟಿದ ಕೂಡಲೇ ಸತ್ತುಹೋಗುತ್ತಿತ್ತು. ಜನ ಮಾತಾಡಲು ಶುರು ಮಾಡಿದರು. ಯಾರೋ ಬಜ್ಜಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದು ನನ್ನ ತನಕ ಕೇಳಿಸಿತು.

ಮನೆಯ ಗುಂಡಿಯನ್ನು ಕೊನೆಗಿಟ್ಟುಕೊಂಡಿದ್ದೆ. ನಮ್ಮ ಅಂಕಣದ ಆ ಬೆಚ್ಚನೆಯ ಸಣ್ಣ ಗುಂಗಿನಲ್ಲಿ ಅವನು ಇನ್ನೂ ಹೇಗೋ ಉಸಿರಾಡುತ್ತಿದ್ದ. ಅಮ್ಮ ಕನ್ನಡಕ ಸರಿಮಾಡಿಕೊಂಡದ್ದನ್ನು ನೆನೆದುಕೊಂಡು ಅದನ್ನೂ ಎಳೆದೆ. ಹುಲ್ಲಿನ ಮೇಲೆ ಉಳಿದದ್ದು ಮದುವೆ ಮನೆಯ ಒಂದು ಕೀಬೋರ್ಡು. ಸ್ವಲ್ಪ ಹೊತ್ತು ಹೆಣಗಿ ಕೈ ತೆಗೆದ. "ಟೆಕ್ನಿಕಲ್ ಪ್ರಾಬ್ಲಮ್," ಅಂತ ಹೇಳಿ ವೇದಿಕೆ ಇಳಿದ. ಚಪ್ಪಾಳೆ ಬಂತು, ಬಸ್ಸಿನಲ್ಲಿ ಚಿಲ್ಲರೆ ಕೊಟ್ಟ ಹಾಗೆ.

ನೇರ ನನ್ನ ಮೇಜಿಗೆ ಬಂದ. ಬೆವರುತ್ತಿದ್ದ.

"ನೀನೇ ಮಾಡಿದ್ದು ತಾನೆ?"

"ಹೂಂ."

"ಯಾಕೆ?"

"ನನ್ನ ಜಾಗಗಳನ್ನು ನಾನು ತಗೊಂಡೆ. ನಿನ್ನ ಕೀಬೋರ್ಡು ಅಲ್ಲೇ ಇದೆ, ಅದನ್ನ ಮುಟ್ಟಿಲ್ಲ."

"ನನ್ನ ಕರಿಯರ್ ಹಾಳು ಮಾಡ್ಬಿಟ್ಟೆ ಕಣೆ."

"ಬಲೂನ್ ಹಿಡ್ಕೊಳ್ಳೋಳು ಏನು ಮಾಡೋಕಾಗುತ್ತೆ?"

ನಾನು ಕೇಬಲ್ ಸುತ್ತತೊಡಗಿದೆ.

ಮಾರನೆಯ ದಿನ ಯಜಮಾನರು ಕರೆಸಿದರು. ವಯಸ್ಸಾದವರು, ನನ್ನನ್ನು ಮಗಳಂತೆ ನೋಡಿಕೊಂಡವರು. ಮಶೀನು ಕೆಟ್ಟಿತ್ತೇನಮ್ಮ ಅಂತ ಕೇಳಿದರು, ಹೂಂ ಅಂದಿದ್ದರೆ ನಂಬುತ್ತಿದ್ದರು. ಇಲ್ಲ ಸಾರ್, ಬೇಕಂತಲೇ ಮಾಡಿದೆ ಅಂದೆ. ಕಾರಣವನ್ನೂ ಹೇಳಿದೆ. ಅವರು ಕುರ್ಚಿ ತೋರಿಸಿ ಕೂರಿಸಿದರು.

"ನಿನ್ನದು ನ್ಯಾಯಾನೇ ಇರಬಹುದು. ಆದ್ರೆ ನಾಳೆ ಇನ್ಯಾರದೋ ಮೇಲೆ ನಿನಗೆ ಕೋಪ ಬಂದ್ರೆ ನನ್ನ ಗತಿ? ನಾಳೆಯಿಂದ ಬರಬೇಡಮ್ಮ."

ನಾನು ಅವರ ಕಾಲು ಮುಟ್ಟಿ ಬಂದೆ. ಕೆಲಸ ಹೋದದ್ದಕ್ಕೆ ಬೇಸರವಾಯಿತು, ಮಾಡಿದ್ದಕ್ಕೆ ಆಗಲಿಲ್ಲ. ಆ ರಾತ್ರಿ ಎಷ್ಟೋ ಕಾಲದ ಮೇಲೆ ನಿದ್ದೆ ತಾನಾಗಿ ಬಂತು.

ಆ ಸಂಜೆಯ ಗಲಾಟೆಯಿಂದ ಅವನ ಕಂಪನಿಯವರಿಗೆ ಸಂಶಯ ಬಂತು. ಈ ದನಿಗಳು ನಿಜಕ್ಕೂ ಯಾರವು ಅಂತ ಕೇಳಿದರಂತೆ. ಮಾಡಿದವಳು ನಾನೆಂದು ಕೊನೆಗೂ ಅವನ ಬಾಯಿಂದ ಬಂತು. ನನ್ನ ಒಪ್ಪಿಗೆ ಕೇಳಿ ಅವರು ಫೋನ್ ಮಾಡಿದರು. ಕೊಡುವುದಿಲ್ಲ ಅಂದೆ. ಹೆಸರು ಹಾಕುತ್ತೇವೆ ಅಂದರು. ಈಗ ಬೇಡ ಅಂದೆ. ಅವನ ಹಾಡುಗಳನ್ನು ಇಂಟರ್‌ನೆಟ್ಟಿನಿಂದ ತೆಗೆದರು.

ಕಥೆ ಅಲ್ಲಿಗೇ ಮುಗಿದಿದ್ದರೆ ನನಗೆ ಇನ್ನೂ ಸುಖವಾಗುತ್ತಿತ್ತು. ಆದರೆ ಅವನು ಒಂದು ಹೊಸ ಆಲ್ಬಮ್ ತಂದ. ಗುಂಗೇ ಇಲ್ಲದ್ದು, ಒಣಗಿದ ಸ್ವರಗಳು, ನಡುನಡುವೆ ಖಾಲಿ. ಬರೆಯುವವರು ಅದನ್ನು ಹೊಗಳಿದರು. ಇಷ್ಟು ಬತ್ತಲೆಯಾಗಿ ನಿಲ್ಲಲು ಧೈರ್ಯ ಬೇಕು, ಕಲಾವಿದ ಬೆಳೆದಿದ್ದಾನೆ ಅಂತ ಒಬ್ಬರು ಬರೆದರು. ಅದನ್ನು ಓದಿ ನನಗೆ ಊಟ ಸೇರಲಿಲ್ಲ. ನಾನು ಹೊಡೆದ ಏಟನ್ನೇ ಇವನು ಒಡವೆ ಮಾಡಿಕೊಂಡು ಹಾಕಿಕೊಂಡನಲ್ಲ ಅನ್ನಿಸಿತು. ಆಲ್ಬಮ್ಮನ್ನು ಪೂರ್ತಿ ಕೇಳಿದೆ, ಮತ್ತೆ ಕೇಳಿದೆ. ಎಲ್ಲೆಲ್ಲಿ ನಾನು ಇರಬೇಕಿತ್ತೋ ಅಲ್ಲಲ್ಲಿ ಅವನು ನಿಲ್ಲುತ್ತಿದ್ದ, ಕಾಯುತ್ತಿದ್ದ, ಏನೂ ಬಾರದೆ ಮುಂದಕ್ಕೆ ಹೋಗುತ್ತಿದ್ದ. ಅದು ಅವನಿಗೂ ಗೊತ್ತು ಅಂತ ತಿಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಅದರ ಮುಂದಿನ ಆಲ್ಬಮ್ಮಿಗೆ ಆ ಹೊಗಳಿಕೆ ಸಿಗಲಿಲ್ಲ. ಒಣಗಿದ್ದನ್ನು ಜನ ಒಂದು ಸಲ ಕೇಳುತ್ತಾರೆ.

ನಾನು ಈಗ ಹೊಸಕೋಟೆಯ ಒಂದು ಕಲ್ಯಾಣ ಮಂಟಪದಲ್ಲಿ ಮೈಕಿನ ಕೆಲಸ ನೋಡಿಕೊಳ್ಳುತ್ತೇನೆ. ಬಿಡುವಿನಲ್ಲಿ ನನ್ನದೇ ಸದ್ದುಗಳನ್ನು ಮಾಡುತ್ತೇನೆ. ಹೋದ ಶ್ರಾವಣದಲ್ಲಿ ಒಂದು ಮದುವೆಯ ಬೆಳಿಗ್ಗೆ ಅವನು ಅಲ್ಲಿಗೆ ಬಂದ. ಧಾರೆಯ ಹೊತ್ತು, ವಾಲಗ ಜೋರಾಗಿತ್ತು. ಹೊರಗೆ ಹೋಗಿ ಮಾತಾಡೋಣ ಅಂತ ಸನ್ನೆ ಮಾಡಿದ. ಕೆಲಸ ಇದೆ ಅಂತ ತಲೆಯಾಡಿಸಿದೆ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತ.

"ಆ ಕೋಲ್ಡ್ ಸ್ಟೋರೇಜ್ ಕೆಡವಿದ್ದಾರೆ," ಅಂತ ಕಿರುಚಿದ. "ತೂಬಿಗೂ ಕಾಂಕ್ರೀಟ್ ಹಾಕ್ಬಿಟ್ಟಿದ್ದಾರೆ. ಈಗ ಅವು ನಿನ್ನ ರೆಕಾರ್ಡಿಂಗಿನಲ್ಲಿ ಬಿಟ್ರೆ ಎಲ್ಲೂ ಇಲ್ಲ."

"ಗೊತ್ತು."

"ಒಪ್ಪಿಗೆ ಕೊಡು. ಇಬ್ಬರ ಹೆಸರೂ ಹಾಕೋಣ. ನಿನ್ನ ಹೆಸರೇ ಮೊದಲು."

ಅವನ ತುಟಿ ಇನ್ನೇನೋ ಹೇಳುತ್ತಿತ್ತು. ನಾನು ವಾಲಗದ ಮೈಕನ್ನು ಸ್ವಲ್ಪ ಏರಿಸಿದೆ. "ಕೇಳಿಸ್ತಿಲ್ಲ."

"ತಪ್ಪಾಯ್ತು ಅಂದೆ," ಅಂತ ಅವನು ಗಂಟಲು ಹರಿಯುವಂತೆ ಕೂಗಿದ. ಹೆಣ್ಣಿನ ಕಡೆಯ ಅಜ್ಜಿಯೊಬ್ಬರು ತಿರುಗಿ ನೋಡಿದರು. ಅಕ್ಷತೆ ಹಿಡಿದುಕೊಂಡಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವನ ಕಿವಿಗಳು ಕೆಂಪಗಾದವು.

"ಈಗ ಕೇಳಿಸ್ತು," ಅಂದೆ. "ಆದ್ರೂ ಕೊಡಲ್ಲ."

"ಇನ್ನೂ ಏನು ಬೇಕು ನಿನಗೆ?"

"ಏನೂ ಬೇಡ. ಹೀಗೇ ಚೆನ್ನಾಗಿದೆ."

"ಇಷ್ಟೊಂದು ದ್ವೇಷಾನಾ?"

"ಹೂಂ," ಅಂದೆ.

ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಬಾಗಿಲಲ್ಲಿ ಯಾರೋ ತಡೆದು, ಊಟ ಮಾಡದೆ ಹೋಗಬಾರದು ಅಂತ ಕೈ ಹಿಡಿದು ಒತ್ತಾಯ ಮಾಡಿದರು. ಕೈ ಬಿಡಿಸಿಕೊಂಡು ಹೋದ. ಧಾರೆ ಮುಗಿದ ಮೇಲೆ ನಾನು ಮೈಕ್ ಆರಿಸಿ ಎರಡನೆಯ ಪಂಕ್ತಿಯಲ್ಲಿ ಕೂತೆ. ಕಾಯಿ ಹೋಳಿಗೆ ಬಡಿಸುತ್ತಾ ಬಂದವನು ಇನ್ನೊಂದು ಹಾಕಲಾ ಅಕ್ಕಾ ಅಂದ. ಹಾಕು, ತುಪ್ಪ ಜಾಸ್ತಿ ಹಾಕು ಅಂದೆ.